ಬಾಗಿದ ತಂತಿ

ಅಣ್ಣ ಪುಣೆಯಲ್ಲಿ ಗೆಲಾಕ್ಸಿಗಳ ಗೊಂಚಲುಗಳ ಭಾರ ಅಳೆಯುವ ಕೆಲಸದಲ್ಲಿದ್ದ. ಕಾಗವಾಡದ ಹತ್ತಿರದ ನಮ್ಮೂರಿನಲ್ಲಿ ಇದನ್ನು ತಿಳಿಸಿ ಹೇಳುವುದು ಸುಲಭವಿರಲಿಲ್ಲ. ಅವನು ಕುಡಚಿಯಲ್ಲಿ ರೈಲು ಇಳಿದು ಮನೆ ಸೇರಿದರೆ ಸಾಕು, ಓಣಿಯವರು ಮಕ್ಕಳ ಜಾತಕ ಹಿಡಿದು ಬರುತ್ತಿದ್ದರು. ನಕ್ಷತ್ರ ಓದಿದವನಿಗೆ ಲಗ್ನ ಯಾವಾಗ ಕೂಡಿಬರುತ್ತದೆಂದು ತಿಳಿಯದೇ? ಅಣ್ಣ ನಕ್ಕು ಚಹಾ ಕೊಡಿಸಿ ಕಳಿಸುತ್ತಿದ್ದ. ಅವ್ವನಿಗೂ ತನ್ನ ಕೆಲಸ ಏನೆಂದು ತಿಳಿದಿಲ್ಲವಲ್ಲ ಎಂಬುದು ಮಾತ್ರ ಅವನ ಮನಸ್ಸಿಗೆ ಚುಚ್ಚುತ್ತಿತ್ತು.

ತೊಂಬತ್ತರ ದಶಕದಲ್ಲಿ ಒಮ್ಮೆ, ದ್ರಾಕ್ಷಿ ಮಾಗುವ ಹೊತ್ತಿಗೆ ಅವನು ಊರಿಗೆ ಬಂದಿದ್ದ. ಅವ್ವ, ಅಣ್ಣ, ನಾನು ಮೂವರೂ ತೋಟದಲ್ಲಿದ್ದೆವು. ಹಕ್ಕಿಗಳ ಕಾಟಕ್ಕೆ, ತಂತಿಗೆ ಹಬ್ಬಿಸಿದ ಬಳ್ಳಿಯ ಒಂದು ಸಾಲಿಗೆ ಹಳೆಯ ಸೀರೆ ಹೊದಿಸಿದ್ದೆವು, ಹಣ್ಣು ಕಾಣುತ್ತಿರಲಿಲ್ಲ.

“ಈ ಸಾಲಿನ್ಯಾಗ ಮಾಲ ಚಲೋ ಐತಿ,” ಅಂದಳು ಅವ್ವ.

“ಸೀರಿ ಸರಿಸೇ ಇಲ್ಲ, ಹೆಂಗ ಹೇಳ್ತಿ?” ಅಂದ ಅಣ್ಣ.

“ತಂತಿ ನೋಡೋ, ಹೆಂಗ ಬಾಗೇತಿ! ಖಾಲಿ ಇದ್ರ ಬಾಗತಿತ್ತೇನು?”

ಅಣ್ಣ ನಿಂತಲ್ಲೇ ನಿಂತ. “ಅವ್ವಾ, ಇದ ನೋಡು ನನ್ನ ಕೆಲಸ.”

“ದ್ರಾಕ್ಷಿ ಕಾಯೂದೇನು?”

“ಅಲ್ಲ ಬೇ. ಆಕಾಶದಾಗೂ ಗೊಂಚಲ ಅದಾವು. ಒಂದೊಂದು ಹಣ್ಣ ಅಂದ್ರ ಒಂದೊಂದು ಗೆಲಾಕ್ಸಿ, ಅದರಾಗ ಕೋಟಿಗಟ್ಲೆ ನಕ್ಷತ್ರ. ಗೊಂಚಲದ ಹಿಂದಿಂದ ಬರೂ ಬೆಳಕು ಅದರ ಭಾರಕ್ಕ ಬಾಗತೈತಿ, ಈ ತಂತಿಗತೆ. ಎಷ್ಟು ಬಾಗೇತಿ ನೋಡಿ ನಾವು ತೂಕ ಹೇಳತೀವಿ. ಕಾಣೂ ನಕ್ಷತ್ರ ಎಲ್ಲಾ ಕೂಡಿಸಿದ್ರೂ ಅಷ್ಟು ತೂಕ ಬರೂದಿಲ್ಲ. ಭಾಳಷ್ಟು ಕಾಣೂದೇ ಇಲ್ಲ.”

“ಅದಕೂ ಸೀರಿ ಹೊಚ್ಚ್ಯಾರೇನು?”

ಅಣ್ಣ ಜೋರಾಗಿ ನಕ್ಕ. “ಏನ ಹೊಚ್ಚ್ಯಾರೋ, ಯಾರಿಗೂ ಗೊತ್ತಿಲ್ಲ.”

ಆ ಗೊಂಚಲುಗಳ ಸುತ್ತ ಏನಿದೆ, ಬರೀ ಬಯಲೇ ಎಂದು ನಾನು ಕೇಳಿದೆ.

“ಸಂತಿ ದಿನ ಅಥಣಿಗೆ ಸುತ್ತಿನ ಹಾದಿಗೆಲ್ಲ ಮಂದಿ ಸಾಲುಹಿಡಿದು ಬರತಾರಲ್ಲ, ಹಂಗ ಗೆಲಾಕ್ಸಿನೂ ಸಾಲುಹಿಡಿದಾವು. ಹಾದಿ ಕೂಡಿದಲ್ಲೇ ಗದ್ದಲ, ಅದ ಗೊಂಚಲ. ಹಾದಿ ಇಲ್ಲದ ಕಡೆ ಬಯಲು.”

ಅವ್ವ ಮುಂದಿನ ಸಾಲಿಗೆ ಹೋದಳು.

ಮರುವರ್ಷದ ಹಣ್ಣು ಬರುವ ಮೊದಲೇ ಅಣ್ಣ ತೀರಿಕೊಂಡ. ಎದೆನೋವು ಎಂದರು. ಮಣ್ಣು ಕೊಡುವ ಕಾರ್ಯ ಮುಗಿದ ಮೇಲೆ ಮಾತಾಡಿಸಲು ಬರುವವರು ದಿನವೂ ಇದ್ದರು. ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಅವ್ವನ ಪಕ್ಕ ಕೂತು ಕೇಳಿದಳು, “ಮಗ ಪುಣೇದಾಗ ಏನ ಕೆಲಸ ಮಾಡತಿದ್ದರ್ರೀ ಕಾಕು?”

ಉತ್ತರ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನೇ, “ತೂಕ ಮಾಡತಿದ್ದ,” ಅಂದಳು.

“ಸಕ್ಕರಿ ಕಾರಖಾನಿ ತೂಕದ ಕಾಟಾದಾಗೇನ್ರಿ?”

“ಅಲ್ಲವಾ, ಆಕಾಶದಾಗ. ಕಣ್ಣಿಗೆ ಕಾಣದ್ದರ ತೂಕ. ಬೆಳಕ ಎಷ್ಟು ಬಾಗೇತಿ ನೋಡಿ ಹೇಳತಿದ್ದ.” ಆಮೇಲೆ ನನ್ನ ಕಡೆ ತಿರುಗಿದಳು. “ಹೌದಲ್ಲ ಮಗಳ?”

“ಹೌದವ್ವಾ. ಬರೋಬ್ಬರಿ ಐತಿ,” ಅಂದೆ.

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಅಣ್ಣ ಇದ್ದಿದ್ದರೂ ಅವ್ವ ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ತಿದ್ದುತ್ತಿರಲಿಲ್ಲ.