ಅಕ್ಕನ ಸೊಟ್ಟ ಪಾನಾ

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನೀರಿನ ಪೈಪಾಗಿ ನಿಂತಿದ್ದೆ. ನಗಬೇಡಿ ಮಕ್ಕಳೇ, ಪೂರ್ತಿ ಕೇಳಿ. ನನಗಾಗ ಏಳು ವರ್ಷ, ಅಕ್ಕನಿಗೆ ಹದಿಮೂರು. ನಮ್ಮೂರು ಅಕ್ಕಲಕೋಟ ಕಡೆಯ ತಡವಳ. ಮನೆ ಊರೊಳಗಲ್ಲ, ಹೊಲದಲ್ಲೇ ಇತ್ತು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಬಾವಿಯ ದಂಡೆಯವರೆಗೂ ಕೇಳಿಸುತ್ತಿತ್ತು.

ಆ ವರ್ಷ ಬಾವಿ ಪಕ್ಕದ ತುಂಡು ಹೊಲದಲ್ಲಿ ಉಳ್ಳಾಗಡ್ಡಿ ಹಚ್ಚೋಣ ಎಂದು ಅಕ್ಕ ಹಟ ಹಿಡಿದಿದ್ದಳು. ಅಪ್ಪನಿಗೆ ಜೋಳ ಬಿಟ್ಟರೆ ಬೇರೆ ಬೆಳೆಯೇ ಕಣ್ಣಿಗೆ ಬೀಳುತ್ತಿರಲಿಲ್ಲ. ಎಂಟು ದಿನ ಅಕ್ಕ ಬೆನ್ನು ಬಿಡಲಿಲ್ಲ. ಕಡೆಗೆ ಅಪ್ಪ, “ಆತು ಬಿಡು, ಈ ಸಲ ನಿನ್ನ ಮಾತ ಕೇಳ್ತೀನಿ. ಆದ್ರ ಕೆಡ್ತಂದ್ರ ಹೊಲದ ಮಾತಿನಾಗ ಮತ್ತ ಬಾಯಿ ಹಾಕಬಾರ್ದು ನೋಡು” ಅಂದ. ಅಕ್ಕ ಹೂಂ ಅಂದಳು. ಬೀಜ ಚೆಲ್ಲಿದವಳೂ ಅವಳೇ, ದಿನಾ ಎದ್ದ ಕೂಡಲೇ ಸಸಿ ನೋಡಲು ಓಡುತ್ತಿದ್ದವಳೂ ಅವಳೇ.

ಸಸಿ ಕಿತ್ತು ಮಡಿಗಳಲ್ಲಿ ಹಚ್ಚಿದ ದಿನ ನಮ್ಮೆಲ್ಲರ ಕೈಗೂ ಹಸಿ ಉಳ್ಳಾಗಡ್ಡಿಯ ಘಾಟು ಅಂಟಿತ್ತು. ಹಚ್ಚಿದ ಕೂಡಲೇ ನೀರು ಬಿಡಬೇಕು. ಇಲ್ಲದಿದ್ದರೆ ಸಂಜೆಯೊಳಗೆ ಸಸಿ ಸತ್ತೇ ಹೋಗುತ್ತವೆ. ಅಪ್ಪ ಬಾವಿಯ ಮೆಟ್ಟಿಲಿಳಿದು ಹ್ಯಾಂಡಲ್ ತಿರುವಿದ. ಡೀಸೆಲ್ ಇಂಜಿನ್ ಕರಿ ಹೊಗೆ ಉಗುಳಿ ಟುಕ್ ಟುಕ್ ಎಂದು ಶುರುವಾಯಿತು. ಹೊಗೆ ಬಂತು, ಸಪ್ಪಳ ಬಂತು, ನೀರು ಮಾತ್ರ ಬರಲಿಲ್ಲ!

ನೀರೆಳೆಯುವ ಪೈಪಿನ ಎರಡು ತುಂಡು ಕೂಡುವಲ್ಲಿ ಒಂದು ನಟ್ಟು ಸಡಿಲಾಗಿ, ಪಂಪು ನೀರಿನ ಬದಲು ಗಾಳಿ ಎಳೆಯುತ್ತಿತ್ತು. ತೂತು ಬಿದ್ದ ಸ್ಟ್ರಾದಿಂದ ಸರಬತ್ತು ಕುಡಿದು ನೋಡಿ, ತಿಳಿಯುತ್ತದೆ. ಅಲ್ಲಿ ಇದ್ದವು ನಾಲ್ಕು ನಟ್ಟು. ಮೂರು ನಮ್ಮ ಕಡೆ ಮುಖ ಮಾಡಿದ್ದವು. ಸಡಿಲಾಗಿದ್ದ ನಾಲ್ಕನೆಯದು ಪೈಪಿನ ಹಿಂದೆ, ಬಾವಿಯ ಕಲ್ಲುಗೋಡೆಗೆ ಅಂಟಿದ ಹಾಗಿತ್ತು. ನಡುವೆ ನಾಲ್ಕು ಬೆರಳು ಜಾಗ. ನಟ್ಟು ತಿರುಗಿಸುವ ಪಾನಾ ನೆಟ್ಟಗಿನದು, ಅಲ್ಲಿಗೆ ಹೋಗಲೊಲ್ಲದು. ಇಂಜಿನ್ ಮೇಸ್ತ್ರಿ ಅಕ್ಕಲಕೋಟಕ್ಕೆ ಹೋಗಿದ್ದ, ಬರುವುದು ಮರುದಿನವೇ. ಅಪ್ಪ ಮಡಿಗಳ ಕಡೆ ನೋಡಿದ, ಆಮೇಲೆ ಅಕ್ಕನ ಕಡೆ.

ಆದರೆ ಅಪ್ಪ ಕೈ ಕಟ್ಟಿ ಕೂರುವವನಲ್ಲ. ಅವ್ವ ನಾದಿಟ್ಟಿದ್ದ ಜೋಳದ ಹಿಟ್ಟಿನಲ್ಲಿ ಒಂದು ಮುದ್ದೆ ತರಿಸಿ, ಪೈಪಿನ ಹಿಂದೆ ತುರುಕಿ ಮೆಲ್ಲಗೆ ಬಿಡಿಸಿಕೊಂಡ. ನಟ್ಟಿನ ಮೂಲೆಗಳು, ಗೋಡೆಕಲ್ಲಿನ ಉಬ್ಬು ಎಲ್ಲ ಹಿಟ್ಟಿನಲ್ಲಿ ಮೂಡಿತ್ತು. ಅದರ ಜೊತೆ ಒಂದು ಹಳೆಯ ಪಾನಾ ಕೊಟ್ಟು, “ಲಗೂನ ಕಂಬಾರ ಮಾಮಾನ ಕಡಿ ಹೋಗ್ರಿ. ಈ ಅಳತಿಗೆ ಪಾನಾ ಬಗ್ಗಿಸಿ ಕೊಡು ಅನ್ರಿ” ಅಂದ. ತಾನೂ ಅವ್ವನೂ ಕೊಡದಲ್ಲಿ ನೀರು ಸೇದಿ ಮಡಿಗೆ ಹಾಕಲು ನಿಂತರು. ಅಷ್ಟು ದೊಡ್ಡ ತುಂಡಿಗೆ ಕೊಡದ ನೀರು ಯಾವ ಮೂಲೆಗೆ ಸಾಕು?

ಕುಲುಮೆ ಊರ ಬಾಯಿಯಲ್ಲೇ ಇತ್ತು. ಪಾನಾ ಹಿಡಿದುಕೊಂಡು ಅಕ್ಕ ಮುಂದೆ ಓಡಿ ಒಳಗೆ ಹೋದಳು. ಒದ್ದೆ ಬಟ್ಟೆ ಮುಚ್ಚಿದ ಹಿಟ್ಟಿನ ತಾಟು ಹಿಡಿದು ನಾನು ಹಿಂದೆ. ಅಷ್ಟರಲ್ಲಿ ಎದುರಿಗೆ ಟಗರು ಬಂತು. ಎಂಥ ಟಗರು! ಬೀರೋಬಾ ದೇವರ ಹೆಸರಿನಲ್ಲಿ ಬಿಟ್ಟದ್ದು. ಯಾರ ಹೊಲಕ್ಕೆ ನುಗ್ಗಿದರೂ ಅದಕ್ಕೆ ಯಾರೂ ಕೋಲು ಎತ್ತುತ್ತಿರಲಿಲ್ಲ. ಮನೆ ಬಾಗಿಲಿಗೆ ಬಂದರೆ ಅವ್ವ ಕೈಲಿದ್ದ ಕೆಲಸ ಬಿಟ್ಟು ರೊಟ್ಟಿ ಕೊಟ್ಟು ಕೈಮುಗಿಯುತ್ತಿದ್ದಳು. ನನಗೂ ಅದೇ ರೂಢಿ. ಟಗರು ತಾಟಿಗೆ ಮೂತಿ ಇಟ್ಟಿತು. ನಾನು ಬಟ್ಟೆ ಸರಿಸಿ, ಕೈಮುಗಿದು, ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ತಾಟು ಫಳಫಳ ಹೊಳೆಯುತ್ತಿತ್ತು.

“ಹಿಟ್ಟ ಎಲ್ಲದ?” ಅಕ್ಕ ಕೇಳಿದಳು.

“ದೇವರ ಟಗರ ಬಂದಿತ್ತಕ್ಕಾ. ಇಲ್ಲ ಅನ್ನಾಕ ಬರ್ತದೇನು?”

ಕಂಬಾರ ಮಾಮಾ ತಿದಿ ಒತ್ತುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಮ್ಮ ಅಳತಿ ಈಗ ಬೀರೋಬಾನ ಹೊಟ್ಟ್ಯಾಗ ಅದ. ಹೋಗಿ ಅವನ್ನ ಕೇಳ್ರಿ!”

ಅಕ್ಕ ನಗಲಿಲ್ಲ. “ನನ್ನ ಸಸಿ ಒಣಗಾಕತ್ತಾವ, ನೀ ಕೈಮುಗಕೋತ ನಿಂತೀ ಏನ ಹುಚ್ಚಿ!” ಎಂದು ಅತ್ತೇಬಿಟ್ಟಳು. ಮನೆಗೆ ಹೋಗಿ ಮತ್ತೊಮ್ಮೆ ಅಚ್ಚು ತರಲು ಹೊತ್ತಿರಲಿಲ್ಲ. ನಾನೂ ಅತ್ತೆ. ಒಂದು ಗಳಿಗೆಯಾದ ಮೇಲೆ ಅಕ್ಕ ಲಂಗದ ತುದಿಯಿಂದ ಮೂಗು ಒರೆಸಿಕೊಂಡು ತನ್ನ ಬಲಗೈಯನ್ನೇ ನೋಡತೊಡಗಿದಳು. ಬೆಳಿಗ್ಗೆ ಅವಳೂ ಆ ಸಂದಿಯಲ್ಲಿ ಕೈ ಹಾಕಿ ನಟ್ಟು ಮುಟ್ಟಿ ನೋಡಿದ್ದಳು.

“ಮಾಮಾ, ಒಂದ ತುಂಡ ತಂತಿ ಕೊಡ್ರಿ” ಅಂದಳು. ಆಮೇಲೆ ನನ್ನ ರಟ್ಟೆ ಹಿಡಿದು ಕುಲುಮೆಯ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದಳು. ಹಿಮ್ಮಡಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಇಟ್ಟು ಅಳೆದಳು. “ನಿನ್ನ ಕಾಲೇ ಪೈಪ, ಹಿಂಬಡನೇ ನಟ್ಟ. ಅಲ್ಲಾಡಿದ್ರ ನೋಡು!”

ನಾನು ಉಸಿರು ಬಿಗಿಹಿಡಿದು ನಿಂತೆ. ಅಕ್ಕ ಕಣ್ಣು ಮುಚ್ಚಿ ನನ್ನ ಕಾಲಿನ ಹಿಂದೆ ಕೈ ತೂರಿಸಿದಳು. ಬೆಳಿಗ್ಗೆ ಬೆರಳಿಗೆ ಸಿಕ್ಕಿದ್ದೆಲ್ಲ ನೆನೆಸಿಕೊಳ್ಳುತ್ತ, ತಂತಿಯನ್ನು ಅಷ್ಟಷ್ಟೇ ಬಗ್ಗಿಸಿದಳು. ಕುಲುಮೆಯ ಝಳ ಮೈಗೆ ಬಡಿಯುತ್ತಿತ್ತು, ಇದ್ದಿಲ ಹೊಗೆಗೆ ಕಣ್ಣಲ್ಲಿ ನೀರು. ಹಿಮ್ಮಡಿಗೆ ತಂತಿ ತಾಗಿ ತಡೆಯಲಾರದಷ್ಟು ಕಚಗುಳಿ. ಆದರೂ ನಾನು ಅಲುಗಲಿಲ್ಲ ನೋಡಿ! ಮಾಮಾ ಆಗ ನಗುವುದು ಬಿಟ್ಟಿದ್ದ. ಪಾನಾ ಕೆಂಪಗೆ ಕಾಯಿಸಿ, ತಂತಿಯ ಅಳತೆಗೆ ಎರಡು ಕಡೆ ಬಗ್ಗಿಸಿ, ನೀರಿನಲ್ಲಿ ಚೊಯ್ಯೆಂದು ಅದ್ದಿದ.

ನಾವು ಓಡಿ ಬಂದಾಗ ಸಸಿಗಳು ತಲೆ ಬಾಗಿ ಮಲಗಿದ್ದವು. ಅಪ್ಪ ಬಾವಿಗಿಳಿದ. ಪಾನಾ ಸಂದಿಯಲ್ಲಿ ಹೋಯಿತು, ಅದನ್ನು ಹಿಡಿದ ಅಪ್ಪನ ದಪ್ಪ ಕೈ ಹೋಗಲಿಲ್ಲ. “ನಾ ಇಳೀತೀನಿ ಅಪ್ಪಾ” ಅಂದಳು ಅಕ್ಕ. ಅಪ್ಪ ಬೇಡ ಅನ್ನುವುದರೊಳಗೆ ಅವಳು ಮೆಟ್ಟಿಲ ಮೇಲಿದ್ದಳು. ಅಪ್ಪ ಅವಳ ಸೊಂಟ ಹಿಡಿದುಕೊಂಡ. ಸೊಟ್ಟ ಪಾನಾ ನಟ್ಟನ್ನು ಗಬಕ್ಕನೆ ಕಚ್ಚಿತು. ಒಂದು ಸುತ್ತು, ಅರ್ಧ ಸುತ್ತು, ಮತ್ತೆ ಕಾಲು ಸುತ್ತು.

ಅಪ್ಪ ಪಂಪಿಗೆ ನೀರು ತುಂಬಿ ಹ್ಯಾಂಡಲ್ ತಿರುವಿದ. ಪೈಪು ಮೊದಲು ಕೆಮ್ಮಿತು. ಆಮೇಲೆ ಧೋ ಎಂದು ನೀರು ಸುರಿಯಿತು. ಕಾದ ಮಣ್ಣಿಗೆ ನೀರು ಬಿದ್ದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಪ್ಪ ಸಲಿಕೆ ಹಿಡಿದು ಕಾಲುವೆಯ ಹತ್ತಿರ ಬಂದವನು, ನಿಂತು ಅಕ್ಕನ ಮುಖ ನೋಡಿದ. “ಮೊದಲ ಯಾವ ಮಡಿಗಿ ಬಿಡೂಣು? ನೀ ಹೇಳವ್ವಾ” ಅಂದ. ಹೊಲದ ವಿಷಯದಲ್ಲಿ ಅಪ್ಪ ಯಾರನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂದಿನಿಂದ ಅಕ್ಕ ಮದುವೆಯಾಗಿ ಹೋಗುವವರೆಗೂ ಅವಳನ್ನು ಕೇಳದೆ ಅಪ್ಪ ಒಂದು ಕಾಳೂ ಬಿತ್ತಲಿಲ್ಲ. ಮದುವೆಯಲ್ಲಿ ಅಕ್ಕ ಆ ಪಾನಾವನ್ನು ಸೀರೆಗಳ ನಡುವೆ ಸುತ್ತಿ ಗಂಡನ ಊರು ಕುಂಭಾರಿಗೆ ಒಯ್ದಳು.

ಕಳೆದ ಭಾನುವಾರ ಸೊಲ್ಲಾಪುರದಿಂದ ನಾವೆಲ್ಲ ಕುಂಭಾರಿಗೆ ಹೋದಾಗ, ಅಕ್ಕನ ಮನೆಯ ಮೊಳೆಗೆ ನೇತುಹಾಕಿದ್ದ ಸೊಟ್ಟ ಕಬ್ಬಿಣ ನೋಡಿ ನೀವು ನಕ್ಕಿರಲ್ಲ, ಅದು ಇದೇ. ಅಲ್ಲಿ ಈಗ ಫೋನ್ ಒತ್ತಿದರೆ ಬೋರಿನ ಮೋಟಾರು ಶುರುವಾಗುತ್ತದೆ. ನಮ್ಮ ಮನೆಯ ನಳ ಸೋರಿದರೂ ಅಷ್ಟೇ, ಫೋನ್ ಮಾಡಿದರೆ ಚೀಲದ ತುಂಬ ಹೊಳೆಯುವ ಪಾನಾಗಳನ್ನು ಹೊತ್ತು ಯಾರೋ ಬರುತ್ತಾರೆ. ಒಳ್ಳೆಯದೇ ಆಯಿತು. ಉಳ್ಳಾಗಡ್ಡಿ ಸಸಿಗಾಗಿ ಅಳುವ ಕಷ್ಟ ನಿಮಗೆ ಬೇಡ. ಆದರೂ ಅಕ್ಕ ಮುಪ್ಪಿನ ಕೈಯಿಂದ ಆ ಪಾನಾ ಇಳಿಸಿ, ನಿಮ್ಮೆದುರಿಗೇ ನನ್ನ ಹಿಮ್ಮಡಿಗೆ ಹಿಡಿದು, “ಅಲ್ಲಾಡಬ್ಯಾಡ” ಅಂದಾಗ ನನಗೆ ಅಳು ಬಂತು. ನಿಮಗೆ ಎಲ್ಲ ಇದೆ ಮಕ್ಕಳೇ. ನಿಮ್ಮ ಹಿಮ್ಮಡಿ ಮಾತ್ರ ಯಾರಿಗೂ ಬೇಕಾಗಿಲ್ಲವಲ್ಲ ಎಂದು ನನಗೆ ಒಮ್ಮೊಮ್ಮೆ ಕೆಡುಕೆನಿಸುತ್ತದೆ.