ಕೆನ್ನೆ ಉಬ್ಬಿಸಿದ ವರ್ಷ

ನಮ್ಮ ಲೆಕ್ಕದ ಮೇಷ್ಟ್ರು ಹೊಡೆಯುತ್ತಿರಲಿಲ್ಲ, ಹೊಡೆಸುತ್ತಿದ್ದರು. ಈಗಿನ ಮಕ್ಕಳಿಗೆ ಹೇಳಿದರೆ ಕತೆ ಕಟ್ಟುತ್ತಿದ್ದಾನೆ ಅಂದಾರು. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಒಬ್ಬೊಬ್ಬರನ್ನೇ ಎಬ್ಬಿಸಿ ಉತ್ತರ ಕೇಳುವರು. ತಪ್ಪಿದವರು ನಿಂತೇ ಇರಬೇಕು. ಯಾರ ಉತ್ತರ ಸರಿಯೋ ಅವರು ಬಂದು, ನಿಂತವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕೆನ್ನೆಗೆ ಬಾರಿಸುತ್ತ ಸಾಲು ಮುಗಿಸಬೇಕು. ಅಷ್ಟು ಹೊತ್ತೂ ಮೇಷ್ಟ್ರು ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಯಾರದೋ ಮನೆಯ ಜಗಳ, ತಮಗೇನೂ ಸಂಬಂಧವಿಲ್ಲ ಅನ್ನುವ ಹಾಗೆ.

ಮೊನ್ನೆ ಪಾಂಡವಪುರಕ್ಕೆ ಹೋಗುವಾಗ ಬಸ್ಸು ಆ ಹೈಸ್ಕೂಲಿನ ಮುಂದೆ ನಿಂತಿತು. ಕ್ಯಾತನಹಳ್ಳಿ ಕಡೆಯ ಊರು. ಈಗ ಕಾಂಪೌಂಡು ಬಂದಿದೆ, ಗೋಡೆಗೆ ಹಳದಿ ಬಣ್ಣ ಬಂದಿದೆ. ನಮ್ಮ ಕಾಲಕ್ಕೆ ಕಿಟಕಿಯಾಚೆಗೇ ಕಬ್ಬಿನ ಗದ್ದೆ. ಆಲೆಮನೆಯಲ್ಲಿ ಪಾಕ ಇಳಿಸುವ ಹೊತ್ತಿಗೆ ಬೆಲ್ಲದ ವಾಸನೆ ನೇರ ಒಳಗೆ ಬಂದು ನಮ್ಮ ಪಕ್ಕದಲ್ಲೇ ಕೂತುಬಿಡುತ್ತಿತ್ತು. ಹಸಿದ ಹೊಟ್ಟೆ, ಬೆಲ್ಲದ ವಾಸನೆ, ಮೇಲೆ ಬೀಜಗಣಿತ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಮೇಷ್ಟ್ರು ದಿನಾ ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ನಾವು ಹರಕೆ ಹೊತ್ತದ್ದೇ ಹೊತ್ತದ್ದು. ಅಷ್ಟು ನಿಯತ್ತಿನ ಬಸ್ಸನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಅವರು ನಮ್ಮನ್ನು ಹೆಸರು ಹಿಡಿದು ಕರೆದದ್ದಿಲ್ಲ, ಅಪ್ಪಂದಿರ ಕಸುಬು ಹಿಡಿದು ಕರೆಯುವರು. ನಮ್ಮದು ಕಮ್ಮಾರರ ಮನೆ, ಕುಲುಮೆಗೆ ಗಾಳಿ ಊದುವ ತಿದಿಯ ಹೆಸರೇ ನನ್ನದು: 'ಏಯ್ ತಿದಿ'. ಆಲೆಮನೆ ನಡೆಸುವವರ ಮಗ, ನನ್ನ ಬೆಂಚಿನ ಜೊತೆಗಾರ, ಕಬ್ಬಿನ ಹಾಲು ಕಾಯಿಸುವ ದೊಡ್ಡ ಪಾತ್ರೆಯ ಹೆಸರಿನವನು: 'ಏಯ್ ಕೊಪ್ಪರಿಗೆ'. ಅವನ ಗುಂಡು ಮುಖಕ್ಕೆ ಅದು ಒಪ್ಪುತ್ತಿತ್ತು ಅನ್ನುವುದು ಬೇರೆ ಮಾತು. ಅಕ್ಕಸಾಲಿಗರ ಮನೆಯ ಒಬ್ಬ ಹುಡುಗಿ, ಇಷ್ಟುದ್ದ ಬೆಳೆದಿದ್ದವಳು, ಅವಳಿಗೆ ಚಿನ್ನ ತೂಗುವ ಪುಟ್ಟ ಕಾಳಿನ ಹೆಸರು: 'ಏಯ್ ಗುಲಗಂಜಿ'.

ನಾನು ಮನೆಗೆ ಬಂದು ದೂರು ಹೇಳಿದರೆ ನಮ್ಮಜ್ಜಿ ಮೊದಮೊದಲು ಮೇಷ್ಟ್ರ ಪರವೇ. "ಒಡುದ್ರೆ ಒಡುಸ್ಕೊ. ಕಾಯ್ದ ಕಬ್ಣಾನೇ ಬಡುಸ್ಕೊಂಡು ಕುಡ್ಲಾಯ್ತದೆ, ನಿಂಗೇನು ಬಂದದೆ?" ಅನ್ನುವಳು. ಹೊಡೆದದ್ದು ಮೇಷ್ಟ್ರಲ್ಲ, ಜೊತೆಯ ಹುಡುಗಿಯ ಕೈಯಲ್ಲಿ ಹೊಡೆಸಿದ್ದು ಎಂದ ಮೇಲೆ ಮಾತ್ರ ಅಜ್ಜಿ ರಾಗಿ ಕೇರುವುದನ್ನು ನಿಲ್ಲಿಸಿದಳು. "ಒಡ್ಯೋದು ಸರಿ. ಒಬ್ರ ಕೈಲಿ ಒಬ್ರುನ್ನ ಒಡ್ಸೋದು ಯಾವ ಸೀಮೆ ನ್ಯಾಯ್ವಲಾ?" ಅಂದು, ಮೊರವನ್ನು ಸ್ವಲ್ಪ ಜೋರಾಗಿಯೇ ಕೊಡವಿದಳು.

ಆ ಜೊತೆಯ ಹುಡುಗಿಯೇ ಗುಲಗಂಜಿ. ಒಂಬತ್ತನೇ ತರಗತಿಯಲ್ಲಿ ಲೆಕ್ಕ ಬರುತ್ತಿದ್ದದ್ದು ಅವಳೊಬ್ಬಳಿಗೆ. ಮಧ್ಯಾಹ್ನ ಹೊಂಗೆ ಮರದ ಕೆಳಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿಕೊಂಡು ಕೂತಾಗ ನಮಗೆಲ್ಲ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಹೇಳಿಕೊಡುವಳು. ಮೇಷ್ಟ್ರು ಒಂದು ತಿಂಗಳಲ್ಲಿ ಕಲಿಸಲಾಗದ್ದು ಒಂದು ರೊಟ್ಟಿ ಮುಗಿಯುವುದರೊಳಗೆ ತಲೆಗೆ ಹತ್ತುತ್ತಿತ್ತು. ಆಮೇಲೆ ತರಗತಿಯಲ್ಲಿ ಮೇಷ್ಟ್ರ ಕಣ್ಣು ಬಿದ್ದ ಕೂಡಲೇ ಇಳಿದೂ ಹೋಗುತ್ತಿತ್ತು. ಹಾಗಾಗಿ ದಿನಾ ನಾವು ನಿಲ್ಲುವವರು, ಅವಳು ಹೊಡೆಯುವವಳು.

ಅವಳ ಏಟು ಏಟೇ ಅಲ್ಲ, ನೊಣ ಓಡಿಸಿದ ಹಾಗೆ. ಒಂದು ದಿನ ಮೇಷ್ಟ್ರು ಕನ್ನಡಕ ಒರೆಸುವುದನ್ನು ಬಿಟ್ಟು ಎದ್ದು ಬಂದರು. "ಏನೇ, ಬೆಣ್ಣೆ ಸವರ್ತಾ ಇದೀಯಾ? ಹೊಡೆಯೋದು ಹೇಗೆ ಅಂತ ನಾನು ತೋರಿಸ್ಲಾ?" ಅಂದವರೇ ಅವಳ ಕೆನ್ನೆಗೇ ಬಾರಿಸಿ ತೋರಿಸಿದರು. ಅವಳಪ್ಪ ಮಾಡಿಕೊಟ್ಟ ಪುಟ್ಟ ಓಲೆ ಕಿವಿಗೆ ಒತ್ತಿ ಕೆಂಪಗೆ ಗುರುತು ಕೂತಿತ್ತು. ಅವಳು ಅಳಲಿಲ್ಲ. ಮಾರನೆಯ ದಿನ ಲೆಕ್ಕ ಕೇಳಿದಾಗ ಎದ್ದು, "ಗೊತ್ತಿಲ್ಲ ಸಾ" ಅಂದಳು.

ಆಮೇಲೆ ದಿನಾ ಅದೇ. ಅವಳಿಗೆ ಗೊತ್ತಿಲ್ಲದೆ ಏನು? ಹಿಂದಿನ ಬೆಂಚಿನಿಂದ ನಮಗೆ ಕಾಣುತ್ತಿತ್ತು, ಬೋರ್ಡಿನ ಮೇಲೆ ಲೆಕ್ಕ ಬಿದ್ದ ಕೂಡಲೇ ಅವಳ ತೋರುಬೆರಳು ಲಂಗದ ಮೇಲೆ ಓಡುತ್ತಿತ್ತು, ಉತ್ತರ ಬಂದ ಮೇಲೆ ಕೆಳಗೊಂದು ಗೆರೆ ಎಳೆದು ನಿಲ್ಲುತ್ತಿತ್ತು. ಬಾಯಿ ಮಾತ್ರ "ಗೊತ್ತಿಲ್ಲ". ಯಾರಿಗೂ ಹೊಡೆಯುವುದು ಬೇಡವೆಂದು ಅವಳೂ ನಮ್ಮ ಜೊತೆ ನಿಂತು, ಮುಂದಿನ ಸಾಲಿನ ಒಬ್ಬ ಉರು ಹೊಡೆಯುವ ಹುಡುಗನ ಕೈಯಲ್ಲಿ ಏಟು ತಿನ್ನತೊಡಗಿದಳು. ಅವನದು ಬೆಣ್ಣೆಯ ಕೈಯಲ್ಲ.

ಒಂದು ಸಲ ನನ್ನನ್ನು ಸ್ಟಾಫ್ ರೂಮಿನ ಹೊರಗೆ ಮಂಡಿಯೂರಿಸಿದ್ದರು. ಅವಳ ಅಪ್ಪ ಸೈಕಲ್ಲಿನಲ್ಲಿ ಬಂದರು. ಮೇಷ್ಟ್ರೇ ಕರೆಸಿದ್ದು. "ಪರೀಕ್ಷೇಲಿ ಮಾರ್ಕ್ಸ್ ಬರುತ್ತೆ, ಬಾಯಿ ಬಿಟ್ಟು ಒಂದು ಉತ್ತರ ಹೇಳಲ್ಲ. ಏನರ್ಥ? ಪಕ್ಕದವರದ್ದು ನೋಡಿ ಬರೀತಾಳೆ" ಅಂದರು ಮೇಷ್ಟ್ರು. ಪಕ್ಕದವರು ಯಾರು? ಅವಳದ್ದನ್ನು ನೋಡಿ ಬರೆದೂ ಫೇಲಾಗುತ್ತಿದ್ದ ನಾವು! ಮಂಡಿಯಲ್ಲಿದ್ದವನು ಏನು ಹೇಳಲಿ.

ಅವಳಪ್ಪ ತಲೆ ತಗ್ಗಿಸಿಯೇ ಇದ್ದರು. "ನೀವು ಏಳುದ್ ಮ್ಯಾಲೆ ಮುಗೀತು ಸಾ. ನೋಡಿ ಬರ್ಯೋ ಮಗ್ಳುನ್ನ ಯಾಕೆ ಕಳುಸ್ಲಿ? ಸಂಕ್ರಾಂತಿ ಆದ್ ಮ್ಯಾಲೆ ಬತ್ತೀನಿ. ಆಗ್ಲೂ ನೀವು ಇಂಗೇ ಅಂದ್ರೆ ಬುಡುಸ್ಬುಡ್ತೀನಿ. ಇವ್ಳ ಅಕ್ಕನ್ನೂ ಎಂಟ್ನೇ ಕ್ಲಾಸ್ಗೇ ಬುಡ್ಸಿದ್ದು" ಅಂದು ಹೊರಟರು.

ನಾನು ಓಡಿ ಬಂದು ಆಲೆಮನೆಯವನಿಗೆ ಹೇಳಿದೆ. ಅವನು ಕೇಳಿದ ಮೊದಲ ಮಾತು: "ಅವ್ಳು ಬುಟ್ರೆ ನಮ್ಗೆ ಲೆಕ್ಕ ಏಳ್ಕೊಡೋರು ಯಾರ್ಲಾ?" ಹಾಗೆ ಅಂದನೇ ಹೊರತು ಅವತ್ತು ಅವನು ರೊಟ್ಟಿ ಬಿಚ್ಚಲೇ ಇಲ್ಲ.

ಸಂಜೆ ನಾಲೆ ಏರಿಯ ಮೇಲೆ ಅವಳನ್ನು ಅಡ್ಡ ಹಾಕಿದೆವು.

"ಉತ್ರ ಏಳಮ್ಮಿ. ಏಳಿ ನಮ್ಗೆ ಒಡಿ."

"ಓಗ್ರಲಾ ಅತ್ಲಾಗೆ. ನಂಗೆ ಕೈ ಬರಾಕಿಲ್ಲ."

"ನಿನ್ ಕೈ ಯಾರಿಗ್ ಬೇಕು? ಸಬ್ದ ಬಂದ್ರೆ ಸಾಕು ಕಣಮ್ಮಿ!"

ಆ ಶಬ್ದದ ಉಪಾಯ ನನ್ನದು, ನಮ್ಮ ತಾತನ ತಿದಿಯದು ಅನ್ನಬೇಕು. ತಿದಿಯಲ್ಲಿ ಗಾಳಿ ತುಂಬಿದಾಗ ತಟ್ಟಿದರೆ ಡಬ್ ಎನ್ನುತ್ತದೆ, ಒಳಗೆ ಏನೂ ನೋವಾಗುವುದಿಲ್ಲ. ಮೂಗು ಹೇಗೂ ಅವಳ ಕೈಯಲ್ಲಿರುತ್ತದೆ. ಬಾಯಿ ಮುಚ್ಚಿ ಕೆನ್ನೆ ತುಂಬ ಗಾಳಿ ಹಿಡಿದರೆ ಅದಕ್ಕೆ ಹೋಗಲು ದಾರಿಯೇ ಇಲ್ಲ. ಅಂಗೈಯನ್ನು ಸ್ವಲ್ಪ ಬಟ್ಟಲು ಮಾಡಿ ತಟ್ಟಿದರೆ ಆಯಿತು. ಮನೆಯಲ್ಲಿ ನನ್ನ ಕೆನ್ನೆಗೆ ನಾನೇ ತಟ್ಟಿಕೊಂಡು ನೋಡಿದ್ದೆ. ಅಜ್ಜಿ "ಯಾಕ್ಲಾ, ಕೋತಿ ಕಡ್ಲೆ ತುಂಬ್ಕೊಂಡಂಗೆ ಆಡ್ತಿದ್ದೀಯೆ? ಅಲ್ಲು ನೋವಾ?" ಎಂದು ಲವಂಗ ಹುಡುಕಲು ಹೋಗಿದ್ದಳು.

ಆಲೆಮನೆಯವನು ನಾಲೆ ಏರಿಯ ಮೇಲೆ ಕೆನ್ನೆ ಉಬ್ಬಿಸಿ ನಿಂತ. ನಿಜಕ್ಕೂ ಕೊಪ್ಪರಿಗೆಯೇ. ಅವಳು ಮೂಗು ಹಿಡಿದು ತಟ್ಟಿದಳು. ಪಟಾರ್ ಎಂದ ಸದ್ದಿಗೆ ನೀರಿನ ಅಂಚಿನ ಕೊಕ್ಕರೆಗಳು ಎದ್ದುಹೋದವು. ಅವನು ಕಣ್ಣು ಬಿಟ್ಟು, "ಏನೂ ಆಗ್ನಿಲ್ಲ ಕಣಮ್ಮಿ, ಇನ್ನೊಂದ್ ಕೊಡು!" ಅಂದ. ಅವಳು ನಕ್ಕಳು. ಎಷ್ಟೋ ವಾರಗಳ ಮೇಲೆ ನಕ್ಕದ್ದು. ನಕ್ಕು ನಕ್ಕು ಏರಿಯ ಹುಲ್ಲಿನ ಮೇಲೇ ಕೂತುಬಿಟ್ಟಳು. ನನ್ನ ಶಾಲೆಯ ದಿನಗಳಲ್ಲಿ ಒಂದನ್ನು ಮಾತ್ರ ವಾಪಸ್ಸು ಕೊಡುತ್ತೇನೆ ಎಂದು ಯಾರಾದರೂ ಅಂದರೆ ಆ ಸಂಜೆಯನ್ನೇ ಕೇಳುತ್ತೇನೆ.

ಮಾರನೆಯ ದಿನ ಅವಳು ಉತ್ತರ ಹೇಳಿದಳು. ತರಗತಿಯಲ್ಲಿ ಪಟಾಕಿ ಹಚ್ಚಿದ ಹಾಗಾಯಿತು. ಮೇಷ್ಟ್ರು ತಲೆಯೆತ್ತಿ, "ಹಾಂ, ಹೀಗೆ!" ಅಂದರು. ಎರಡೇ ದಿನದಲ್ಲಿ ಹುಡುಗಿಯರೂ ಕಲಿತರು. ಕೆಲವರು ನಟನೆಯಲ್ಲಿ ನಮ್ಮನ್ನೂ ಮೀರಿಸಿ, ಏಟು ಬಿದ್ದ ಮೇಲೆ ಗೋಡೆ ಹಿಡಿದುಕೊಂಡು ತೂರಾಡುವರು. ಧನುರ್ಮಾಸದ ಚಳಿಯೆಲ್ಲ ಹೀಗೇ ಕಳೆಯಿತು. ಸಂಕ್ರಾಂತಿ ಹತ್ತಿರ ಬಂತು.

ಆಗ ಒಂದು ಬೆಳಿಗ್ಗೆ ತೊಟ್ಟಿಯ ಲೆಕ್ಕ ಬಿತ್ತು. ಒಂದು ನಲ್ಲಿ ನಾಲ್ಕು ಗಂಟೆಯಲ್ಲಿ ತೊಟ್ಟಿ ತುಂಬಿಸುತ್ತದೆ, ಇನ್ನೊಂದು ಹನ್ನೆರಡು ಗಂಟೆಯಲ್ಲಿ ಬರಿದು ಮಾಡುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ತುಂಬಲು ಎಷ್ಟು ಹೊತ್ತು? ಅವಳು ಅವಸರದಲ್ಲಿ ಎರಡೂ ತುಂಬಿಸುವ ನಲ್ಲಿಗಳೆಂದು ಓದಿಕೊಂಡು "ಮೂರು ಗಂಟೆ ಸಾ" ಅಂದಳು. ನಿಜವಾಗಿಯೇ ತಪ್ಪಿದಳು. ಉರು ಹೊಡೆಯುವವನದು ಅವತ್ತು ರಜ. ಸಾಲು ಸಾಲೇ ತಪ್ಪಿ, ಕೊನೆಗೆ ಆಲೆಮನೆಯವನ ಸರದಿ. ಗಾಣದಿಂದ ಕಬ್ಬಿನ ಹಾಲು ತೊಟ್ಟಿಗೆ ಬಂದು ಬೀಳುವುದನ್ನೂ ಅಷ್ಟರಲ್ಲೇ ಅತ್ತ ಕೊಪ್ಪರಿಗೆಗೆ ಹರಿದುಹೋಗುವುದನ್ನೂ ದಿನಾ ಕಂಡವನು ಅವನು. ಹೇಗೆ ಹೊಳೆಯಿತೋ, "ಆರು ಸಾ" ಅಂದುಬಿಟ್ಟ.

ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ ಆರು ಎಂದು ಬರೆದರು. "ಶಹಬ್ಬಾಸ್. ಬಾ ಇಲ್ಲಿ. ಮೊದಲು ಇವಳಿಂದ ಶುರು ಮಾಡು. ಲೆಕ್ಕಕ್ಕೆ ಗಂಡು ಹೆಣ್ಣು ಇಲ್ಲ. ಹೊಡಿ."

ಅವನ ಕೈ ಕಬ್ಬು ಹೊರುವ ಕೈ. ಬಟ್ಟಲು ಮಾಡಿದರೂ ಏಟು ಏಟೇ. ಅವನು ಅವಳ ಮುಂದೆ ಬಂದು ನಿಂತ. ಅವಳು ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲೇ 'ಒಡಿ' ಅಂದಳು. ಅವನು ಮೇಷ್ಟ್ರ ಕಡೆ ತಿರುಗಿದ.

"ಸಾ, ನಂದು ತಪ್ಪು ಸಾ."

"ಆರು ಅಂದೆಯಲ್ಲೋ?"

"ಇಲ್ಲ ಸಾ. ಏಳು ಸಾ."

"ಆರೇ ಸರಿ ಕಣೋ, ಬೋರ್ಡ್ ನೋಡು!"

"ನಿಮ್ದು ಸರಿ ಸಾ. ನಂದು ಏಳು ಸಾ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಏಯ್ ತಿದಿ, ಬೋರ್ಡಿನ ಮೇಲೆ ಏನಿದೆಯೋ ಅದನ್ನೇ ಹೇಳು. ಎಷ್ಟು?"

ನಾನು ಬೋರ್ಡಿನ ಮೇಲಿನ ಆರನ್ನೇ ನೋಡುತ್ತ, "ಒಂಬತ್ತು ಸಾ" ಅಂದೆ. ನನ್ನ ಇನ್ನೊಂದು ಪಕ್ಕದವನು "ಅನ್ನೊಂದು ಸಾ" ಅಂದ. ಹುಡುಗಿಯರ ಸಾಲಿನಿಂದ ಐದು ಬಂತು, ಇಪ್ಪತ್ತು ಬಂತು. ಕಟ್ಟಕಡೆಯವನು ಎದ್ದು ಕೈಕಟ್ಟಿ, "ಈ ತೊಟ್ಟಿ ತುಂಬಾಕೇ ಇಲ್ಲ ಸಾ" ಅಂದ. ಆ ಹೊತ್ತಿನಲ್ಲೂ ಯಾರಿಗೋ ನಗು ತಡೆಯಲಾಗದೆ ಗೊರಕ್ ಎಂದಿತು.

ಸರಿಯಾದ ಉತ್ತರ ಇದ್ದವರೇ ಹೊಡೆಯಬೇಕು ಅನ್ನುವುದು ಮೇಷ್ಟ್ರದೇ ಕಾನೂನು. ಸರಿಯಾದ ಉತ್ತರ ಈಗ ಅವರೊಬ್ಬರ ಬಳಿ ಮಾತ್ರ ಇತ್ತು. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಹುಣಸೆ ಬರಲಿನ ಕೋಲು ತರಿಸಿ, ಮೊದಲ ಬೆಂಚಿನಿಂದ ಶುರು ಮಾಡಿದರು. ಅಂಗೈಗೆ ಒಂದೊಂದು. ಅವಳಿಗೂ ಒಂದು. ಆ ಏಟಿಗೆ ಗಾಳಿ ತುಂಬಲು ಬರುತ್ತಿರಲಿಲ್ಲ. ಉರಿ ಸಂಜೆಯ ತನಕ ಇಳಿಯಲಿಲ್ಲ. ಆದರೂ ಕೈ ಉಜ್ಜಿಕೊಂಡು ಮನೆಗೆ ಹೋಗುವಾಗ ನಾವು ತೇರು ಎಳೆದು ಬಂದವರ ಹಾಗೆ ಹೋದೆವು. ಅವಳೊಬ್ಬಳು ಮಾತ್ರ ನಮ್ಮ ಗೆಲುವಿಗೆ ಸೇರಲಿಲ್ಲ. "ಅಪ್ಪ ಬತ್ತಾರೆ ಕಣ್ರಲಾ. ಮೇಷ್ಟ್ರು ಇವತ್ತಿಂದು ಮರೀತಾರಾ?" ಅಂದಳು. ನಮ್ಮೆಲ್ಲರ ಮುಖ ಇಳಿಯಿತು. ಅವಳನ್ನು ಉಳಿಸಲು ಹೋಗಿ ಅವಳ ಬುಡಕ್ಕೇ ನೀರು ತಂದೆವೇನೋ.

ಸಂಕ್ರಾಂತಿಯ ಎಳ್ಳುಬೆಲ್ಲ ಯಾರಿಗೂ ರುಚಿಸಲಿಲ್ಲ. ಹಬ್ಬ ಕಳೆದ ಮೇಲೆ ಅವಳಪ್ಪ ಬಂದೇ ಬಂದರು, ಅದೇ ಸೈಕಲ್ಲು. ನಾವು ಸ್ಟಾಫ್ ರೂಮಿನ ಕಿಟಕಿಯ ಕೆಳಗೆ ಕೂತೆವು. ಒಳಗೆ ಮೇಷ್ಟ್ರು ಕುರ್ಚಿ ಎಳೆದುಕೊಂಡ ಸದ್ದು ಬಂತು.

"ಉತ್ತರ ಹೇಳ್ತಾಳೆ" ಅಂದರು. "ಕಾಪಿ ಅಲ್ಲ. ತಲೆ ಇದೆ. ಹತ್ತನೇದು ಮುಗಿಸಲಿ, ಬಿಡಿಸಬೇಡಿ." ಮತ್ತೆ ದನಿ ಏರಿಸಿ, "ಆದರೆ ಇವಳ ಜೊತೆ ಸೇರಿರೋ ಹುಡುಗ್ರು ಸರಿ ಇಲ್ಲ. ನೋಡ್ಕೊಳ್ಳಿ" ಅಂದರು.

ಅವಳಪ್ಪ ಹೊರಗೆ ಬಂದರು. ಓಡಲು ನಮಗೆ ಪುರಸೊತ್ತಾಗಲಿಲ್ಲ. ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಯಾರ್ರಲಾ ಅದು, ಸರಿ ಇಲ್ದಿರೋರು?"

ಆಲೆಮನೆಯವನು ಎದೆ ಮುಂದೆ ಮಾಡಿ, "ನಾವೇ ಆಚಾರ್ರೇ" ಅಂದ.

ಅವರು ನಗಲಿಲ್ಲ. ಸೈಕಲ್ಲಿನ ಸ್ಟ್ಯಾಂಡು ಒದ್ದು, ಪೆಡಲಿನ ಮೇಲೆ ಕಾಲಿಟ್ಟು, ಹೊರಡುವ ಮುಂಚೆ ಹೇಳಿದರು: "ಅಂಗೇ ಇರ್ರಲಾ."