ಪಂಚಮಿಗೆ ಕರೆದ ಕಾಕಾ

ಎರಡು ವರ್ಷ ನಾನು ಮುದುಕನಾಗಿದ್ದೆ. ಹೀಗೆ ಹೇಳಿದರೆ ಮನೆಯಲ್ಲಿ ನಗುತ್ತಾರೆ, ನನಗೆ ನಗು ಬರುವುದಿಲ್ಲ. ಇಳಕಲ್‌ನಿಂದ ಹುನಗುಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುವ ನಲವತ್ತೊಂದರ ಹೆಂಗಸು ನಾನು. ಆದರೆ ಫೋನಿನೊಳಗೆ ನನಗೆ ಎಪ್ಪತ್ತು ದಾಟಿತ್ತು, ಮಂಡಿನೋವಿತ್ತು, ಹೆಂಡತಿ ತೀರಿಕೊಂಡಿದ್ದಳು. ಜನ ನನ್ನನ್ನು ಕಾಕಾ ಎಂದು ಕರೆಯುತ್ತಿದ್ದರು.

ಆದದ್ದು ಹೀಗೆ. ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವಲ್ಲ, ಆ ಓಣಿಗಳವರು ನೆನಪು ಹಂಚಿಕೊಳ್ಳಲು ಆನ್‌ಲೈನಿನಲ್ಲಿ ಒಂದು ಚರ್ಚೆಯ ತಾಣ ಮಾಡಿಕೊಂಡಿದ್ದರು. ಊರ ಹರಟೆಯ ಕಟ್ಟೆಯ ನೆನಪಿಗೆ ಅದಕ್ಕೆ ಎಲ್ಲರೂ ‘ಕಟ್ಟಿ’ ಎನ್ನುತ್ತಿದ್ದರು. ಕಟ್ಟಿಯ ಮೇಲೆ ಯಾರೂ ಸ್ವಂತ ಹೆಸರಿನಲ್ಲಿ ಕೂರುತ್ತಿರಲಿಲ್ಲ. ಒಬ್ಬ ಖಾರಾ ಚುನಮುರಿ, ಇನ್ನೊಬ್ಬ ಸೈಕಲ್ ರಾಜಾ, ಮತ್ತೊಬ್ಬ ಬರೀ ಮೂರು ಚುಕ್ಕೆ. ನಾನು ಮಾತ್ರ ಬಹಳ ಜಾಣೆಯಂತೆ ಹೆಸರು, ಫೋಟೋ ಎಲ್ಲ ಹಾಕಿ ಸೇರಿದೆ. ನನ್ನ ಗಂಡನ ಮನೆಯವರು ಆ ಊರಿನವರು. ಅತ್ತೆ ಬದುಕಿದ್ದಾಗ ಮುಳುಗಡೆಯ ಸುದ್ದಿಯನ್ನು ಹೇಳಿ ಹೇಳಿ ಅಳುತ್ತಿದ್ದರು. ಅದನ್ನೇ ಬರೆದೆ: ಮನೆ ಬಿಡುವಾಗ ಗಂಡಸರು ಕಾಗದಪತ್ರ ಹೊತ್ತುಕೊಂಡರು, ಹೆಂಗಸರು ಒಲೆಯ ಮುಂದೆ ಕೂತು ಅತ್ತರು, ಆ ಅಳುವನ್ನು ಯಾರೂ ಕೇಳಲಿಲ್ಲ. ಬಂದ ಉತ್ತರ ಎರಡು. ‘ಮೇಡಂ, ಊಟಾ ಆತೇನ್ರಿ?’ ಎಂದು ಒಂದು. ‘ಫೋಟೋ ಮಸ್ತ್ ಐತ್ರಿ’ ಎಂದು ಇನ್ನೊಂದು.

ಸಿಟ್ಟು ನೆತ್ತಿಗೇರಿತು. ಆ ಖಾತೆ ಅಳಿಸಿ ಹಾಕಿ, ಮರುದಿನವೇ ‘ಹಳೇ ಪ್ಯಾಟಿ ಕಾಕಾ’ ಎಂಬ ಹೆಸರಿನಲ್ಲಿ ಸೇರಿದೆ. ಫೋಟೋದ ಜಾಗದಲ್ಲಿ ಗೂಟಕ್ಕೆ ತೂಗುಹಾಕಿದ ಒಂದು ಪಟಕಾ, ಮುದುಕರು ತಲೆಗೆ ಸುತ್ತುವ ರುಮಾಲು. ಅದೇ ಮಾತುಗಳನ್ನು ಒಂದಕ್ಷರ ಬದಲಿಸದೆ ಮತ್ತೆ ಬರೆದೆ. ‘ಖರೇ ಮಾತ್ರಿ ಕಾಕಾ, ಕಣ್ಣಾಗ ನೀರ ಬಂತು’ ಎಂದು ಮೊದಲು ಬರೆದವನು ಫೋಟೋ ಮಸ್ತ್ ಎಂದಿದ್ದ ಪುಣ್ಯಾತ್ಮನೇ. ನನಗೆ ಖುಷಿಯಾಯಿತೋ, ಮೈ ಉರಿಯಿತೋ ಇವತ್ತಿಗೂ ಗೊತ್ತಿಲ್ಲ. ಎರಡೂ ಆಗಿರಬೇಕು.

ಕಾಕಾ ಅಂದ ಮೇಲೆ ನೆನಪು ಬೇಕಲ್ಲ. ಅದಕ್ಕೆ ನಮ್ಮ ಮಾವ ಇದ್ದರು. ಹಳೇ ಪೇಟೆಯ ಔಷಧದ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ಈಗ ನಮ್ಮ ಜೊತೆ ಇಳಕಲ್‌ನಲ್ಲಿ. ಮುಂಜಾನೆ ಚಹಾ ಕೊಟ್ಟು ಎದುರಿಗೆ ಕೂತರೆ ಸಾಕು.

‘ಮಾಮಾರ, ಆ ಹಿಟ್ಟಿನ ಗಿರಣಿ ಯಾವ ಓಣ್ಯಾಗ ಇತ್ತರಿ?’

‘ಯಾಕವಾ, ನಿಮ್ಮ ಸಾಲ್ಯಾಗ ಇದನ್ನೂ ಕಲಸ್ತೀರೇನು?’

‘ಸುಮ್ನ ಕೇಳಿದ್ನಿರಿ.’

ಸೊಸೆ ತಮ್ಮ ಮಾತನ್ನು ಇಷ್ಟು ಕಿವಿಗೊಟ್ಟು ಕೇಳುತ್ತಾಳೆಂದು ಅವರಿಗೆ ಎಷ್ಟು ಸಂತೋಷವೆಂದರೆ, ಕೇಳದ್ದನ್ನೂ ಹೇಳುತ್ತಿದ್ದರು. ನಾನು ಬಸ್ಸಿನಲ್ಲಿ ಕೂತು ಅದನ್ನೆಲ್ಲ ಕಾಕಾನ ಹೆಸರಿನಲ್ಲಿ ಬರೆಯುತ್ತಿದ್ದೆ. ಹುನಗುಂದ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಕಳ್ಳತನವೇ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿಯವರೆಗೆ ಬರೆದದ್ದೆಲ್ಲ ಖರೆಯಾಗಿತ್ತು.

ಆಮೇಲೆ ಆಕೆ ಬಂದಳು. ಕಟ್ಟಿಯ ಮೇಲೆ ಅವಳ ಹೆಸರು ‘ತವರಿಲ್ಲದಾಕಿ’. ಹೀಗೆ ಬರೆದಿದ್ದಳು: ‘ಕಾಕಾ, ನಾ ಬದಾಮ್ಯಾಗ ಇರ್ತೇನಿ. ಹುಟ್ಟಿದ್ದು ಹಳೇ ಬಾಗಲಕೋಟ್ಯಾಗ. ನಾ ಮೂರ ವರ್ಷದಾಕಿ ಇದ್ದಾಗ ನಮ್ಮವ್ವ ಸತ್ಲು. ಒಂದ ಫೋಟೋ ಸೈತ ಇಲ್ಲ. ದೂರದ ಮಂದಿ ಜೋಪಾನ ಮಾಡಿ ಲಗ್ನ ಮಾಡಿ ಕೊಟ್ರು. ಅವ್ವ ಹೊಳಿ ಕಡೆ ಓಣ್ಯಾಗ ಮಂದಿಗೆ ಶಾವಿಗಿ ಹೊಸೆದು ಕೊಡ್ತಿದ್ಲಂತ. ನೀವು ನೋಡಿದ ನೆನಪೈತೇನ್ರಿ?’

ಮಾವನನ್ನು ಕೇಳಿದೆ. ಹಣೆ ತಿಕ್ಕಿಕೊಂಡು ಬಹಳ ಹೊತ್ತು ಯೋಚಿಸಿ, ‘ಶಾವಿಗಿ ಹೊಸಿಯಾಕಿ ಭಾಳ ಮಂದಿ ಇದ್ರವಾ. ಯಾರಂತ ಹೇಳ್ಲಿ?’ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ನೆನಪಿಲ್ಲ ಎಂದು ಬರೆಯುವುದು ಎಷ್ಟು ಹೊತ್ತಿನ ಕೆಲಸ?

ಆದರೆ ನನ್ನ ತಲೆಗೆ ಎರಡು ಹುಳ ಹೊಕ್ಕವು. ಇಲ್ಲ ಎಂದರೆ ಆ ಜೀವಕ್ಕೆ ಎಷ್ಟು ನೋವಾದೀತು ಎನ್ನುವುದು ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ನಾನೇ ಮುದುಕನಾಗಿ ಕೂತಿರುವಾಗ ಈಕೆಯಾದರೂ ಹೆಂಗಸೆಂದು ಯಾರು ಹೇಳಬೇಕು, ಯಾವನೋ ಮೀಸೆ ತಿರುವುತ್ತ ಕೂತು ತಮಾಷೆ ಮಾಡುತ್ತಿದ್ದರೆ ಎಂದುಕೊಂಡೆ. ಹಾಗೆಂದುಕೊಂಡ ಮೇಲೆ ಕೈಗೆ ತಡೆಯೇ ಇಲ್ಲದಾಯಿತು. ‘ನೆನಪೈತಿ ಮಗಳ’ ಎಂದು ಬರೆದೆ. ‘ಹಸರ ಸೀರಿ ಉಡ್ತಿದ್ಲು. ನಿನ್ನ ಟೊಂಕದ ಮ್ಯಾಲೆ ಕುಂದ್ರಿಸಿಕೊಂಡು ಹೊಳಿಗೆ ಬರ್ತಿದ್ಲು. ಭಾಳ ಹಾಡಾಕಿ. ನೀ ಅತ್ತರ ಆಕಿಗೆ ತಡಕೊಳ್ಳಾಕ ಆಗ್ತಿರಲಿಲ್ಲ.’

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದೇ ಸಾಲು: ‘ಇವತ್ತ ನನ್ನ ಹೆಣ್ಣಮಕ್ಕಳಿಬ್ಬರನ್ನೂ ಕುಂದ್ರಿಸಿಕೊಂಡು ನಿಮ್ಮಜ್ಜಿ ಹಾಡ್ತಿದ್ಲಂತ ಹೇಳಿದ್ನಿರಿ.’

ಅಲ್ಲಿಂದ ಆಕೆ ದಿನಾ ಬರೆಯತೊಡಗಿದಳು. ಕಾಕಾ, ಔಷಧ ತೊಗೊಂಡ್ರೇನು, ಮಂಡಿ ಹೆಂಗೈತಿ. ನನಗೆ ಯಾರೂ ಹೀಗೆ ಕೇಳುತ್ತಿರಲಿಲ್ಲ, ಇಲ್ಲದ ಮುದುಕನನ್ನು ಒಬ್ಬಳು ದಿನಾ ಕೇಳುತ್ತಿದ್ದಳು. ಒಮ್ಮೊಮ್ಮೆ ಶಾಲೆಯ ಮೆಟ್ಟಿಲು ಹತ್ತುವಾಗ ಮಂಡಿ ಖರೇನೇ ನೋಯುತ್ತಿತ್ತು.

ಶ್ರಾವಣ ಬಂತು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಅಣ್ಣನೋ ಕಾಕಾನೋ ಕರೆಯಲು ಬರುತ್ತಾರೆ, ಜೋಳ ಹುರಿದ ಅಳ್ಳು, ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿ ತುಂಬುತ್ತವೆ, ಮರಕ್ಕೆ ಜೋಕಾಲಿ ಬೀಳುತ್ತದೆ. ಹಿರಿಯರು ದಾರಿಯಲ್ಲಿ ಸಿಕ್ಕ ಹೆಣ್ಣುಮಕ್ಕಳಿಗೂ ‘ಪಂಚಮಿಗೆ ಬಾರವಾ’ ಎನ್ನುತ್ತಾರೆ. ಅದು ಬಾಯಿಮಾತಿನ ಉಪಚಾರ, ಯಾರೂ ಅದನ್ನು ಹಿಡಿದುಕೊಂಡು ಬಸ್ಸು ಹತ್ತುವುದಿಲ್ಲ. ನಾನೂ ಕಾಕಾ ಆಡಬೇಕಾದ ಮಾತೆಂದು ಒಂದು ದಿನ ಕೊನೆಯ ಸಾಲಿನಲ್ಲಿ ‘ಪಂಚಮಿಗೆ ಬಾ ಮಗಳ’ ಎಂದು ಬರೆದುಬಿಟ್ಟೆ.

ತವರಿದ್ದ ನನಗೆ ಅದು ಉಪಚಾರ. ಅವಳಿಗೆ ಐವತ್ತೆರಡು ವರ್ಷದಲ್ಲಿ ಬಂದ ಮೊದಲ ಕರೆ. ‘ಇಳಕಲ್‌ಗೆ ಬರ್ತೇನಿ ಕಾಕಾ’ ಎಂದು ಬರೆದಳು. ‘ನಮ್ಮ ಮನಿಯವರಿಗೂ ಹೇಳೀನಿ. ನನ್ನೂ ಕರಿಯವರು ಅದಾರ ಅಂತ.’

ಗಂಡನಿಗೆ ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಖಾತೆ ಅಳಿಸಿ ಹಾಕ. ಕಾಕಾ ಸತ್ತ, ಕಥಿ ಮುಗೀತು.’

‘ಆಕಿ ಬಸ್‌ಸ್ಟ್ಯಾಂಡಿನ್ಯಾಗ ನಿಂತರ?’

‘ನಿಂತು ನಿಂತು ಹೋಗ್ತಾಳ. ನಿಂದೇನು?’

ಆ ವಾರ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಎರಡು ಸಲ ತಪ್ಪು ಲೆಕ್ಕ ಬಿಡಿಸಿದೆ, ಮಕ್ಕಳೇ ತಿದ್ದಿದರು. ಖರೆ ಹೇಳಿದರೆ ಅವಳ ತಾಯಿಯನ್ನು ಕಸಿದುಕೊಂಡಂತೆ. ಹೇಳದಿದ್ದರೆ ನಾಳೆ ಇನ್ನೊಂದು ಸುಳ್ಳು ಬೇಕು. ಮಾವನನ್ನೇ ಕಾಕಾ ಎಂದು ತೋರಿಸಿಬಿಡಲೇ ಎಂದೂ ಯೋಚಿಸಿದೆ. ಅರ್ಧ ನಿಜವಿತ್ತಲ್ಲ. ಕೊನೆಗೆ ಏನೂ ತಿಳಿಯದೆ, ಆ ವರ್ಷ ನಾನು ತವರಿಗೆ ಹೋಗುವುದನ್ನು ಬಿಟ್ಟು, ಇಳಕಲ್ ಬಸ್‌ಸ್ಟ್ಯಾಂಡಿಗೆ ಬಾ ಎಂದು ಬರೆದೆ.

ಪಂಚಮಿಯ ಹಿಂದಿನ ದಿನ, ನಾವು ರೊಟ್ಟಿ ಪಂಚಮಿ ಎನ್ನುವ ದಿನ, ಗುಡೂರಿನ ಮೇಲೆ ಹಾದು ಬದಾಮಿಯ ಬಸ್ಸು ಬಂತು. ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟ, ನೆರೆತ ಕೂದಲಿಗೆ ಹೂವು ಮುಡಿದ ಹೆಂಗಸೊಬ್ಬಳು ಕೈಚೀಲ ಹಿಡಿದು ಇಳಿದಳು. ಮೀಸೆಯೂ ಇಲ್ಲ, ತಮಾಷೆಯೂ ಇಲ್ಲ. ಬೆಂಚಿನ ಮೇಲೆ ಕೂತಿದ್ದ ಪಟಕಾದ ಮುದುಕನ ಬಳಿ ಹೋಗಿ ಬಗ್ಗಿ, ‘ಕಾಕಾ, ನೀವೇನ್ರಿ?’ ಎಂದು ಕೇಳಿದಳು. ಅವನು ಕಿವಿಯ ಮೇಲೆ ಕೈ ಇಟ್ಟು, ಗಂಗಾವತಿ ಬಸ್ಸು ಹೋಯಿತೆಂದು ಹೇಳಿದ. ಆಕೆ ಇನ್ನೊಬ್ಬ ಮುದುಕನ ಕಡೆ ನಡೆದಳು. ನನ್ನಿಂದ ನೋಡಲಾಗಲಿಲ್ಲ.

ಎದುರಿಗೆ ಹೋಗಿ ನಿಂತೆ. ಹೇಳಬೇಕೆಂದು ಮನೆಯಲ್ಲಿ ಹತ್ತು ಸಲ ಅಂದುಕೊಂಡ ಮಾತು ಬಾಯಿಗೆ ಬರಲಿಲ್ಲ. ಬಂದದ್ದು, ‘ನಾ ಅವರ ಸೊಸಿರಿ. ಬರ್ರಿ ಮನಿಗೆ.’

ಮನೆಯಲ್ಲಿ ಮಾವ ಪಡಸಾಲೆಯಲ್ಲಿ ಕೂತಿದ್ದರು. ನಾನು ಒಳಗೆ ನೀರು ತರಲು ಹೋಗಿ ಬರುವಷ್ಟರಲ್ಲಿ ಆಕೆ ಅವರ ಕಾಲುಮುಟ್ಟಿ, ಕೈಚೀಲದಿಂದ ಹೊಸ ಧೋತರ ತೆಗೆದು ಅವರ ತೊಡೆಯ ಮೇಲೆ ಇಟ್ಟಿದ್ದಳು. ಮಾವನಿಗೆ ತಲೆಬುಡ ತಿಳಿಯದು. ಆದರೂ ಕಾಲುಮುಟ್ಟಿದ ಹೆಣ್ಣುಮಗಳನ್ನು ನೀ ಯಾರೆಂದು ಕೇಳುವವರಲ್ಲ ಅವರು. ‘ಬಾರವಾ, ಕುಂದರು’ ಎಂದರು.

‘ಕಾಕಾ, ನಮ್ಮವ್ವ ಯಾವ ಹಾಡ ಹಾಡ್ತಿದ್ಲರಿ?’

ಮಾವ ನನ್ನ ಮುಖ ನೋಡಿದರು. ‘ಯಾರವ್ವ, ತಂಗಿ?’

ನಾನು ನೀರಿನ ತಂಬಿಗೆ ಕೆಳಗಿಟ್ಟು ನಿಂತಲ್ಲೇ ಎಲ್ಲ ಹೇಳಿದೆ. ಕಾಕಾ ಇಲ್ಲ, ಬರೆದವಳು ನಾನು, ನಿಮ್ಮವ್ವನನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ ಎಂದೆ. ಬೈಯಲಿ, ಕೂದಲು ಹಿಡಿದು ಎಳೆಯಲಿ ಎಂದು ಕಾದೆ.

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ‘ನಿನಗೆಷ್ಟು ವಯಸ್ಸು?’

‘ನಲವತ್ತೊಂದರಿ.’

‘ನಮ್ಮವ್ವ ಸತ್ತಾಗ ನೀ ಹುಟ್ಟೇ ಇಲ್ಲ’ ಎಂದಳು. ಅಷ್ಟೇ. ಅವಳ ಕಣ್ಣಲ್ಲಿ ನೀರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಯಾರ ಮನೆಗೆ ಬಂದೆ ಎಂದು ತಿಳಿಯದವಳ ಹಾಗೆ ಗೋಡೆ ನೋಡುತ್ತ ಕೂತಿದ್ದಳು.

ಮಾವ ನನ್ನ ಮೇಲೆ ಎಂದೂ ದನಿ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ. ‘ಪಂಚಮಿಗೆ ಬಾ ಅಂತ ಕರದಾಕಿ ನೀನ ಏನು?’ ಎಂದು ಕೇಳಿದರು. ಹೌದೆಂದೆ. ‘ಹಂಗಾರ ಸುಮ್ನ ನಿಂತಿಯಲ್ಲ. ಕರದಾಕಿ ಉಡಿ ತುಂಬಬೇಕು.’

ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಖಣ, ಉಂಡಿ ತಟ್ಟೆಯಲ್ಲಿಟ್ಟು ತಂದೆ. ಆಕೆಯ ಹಣೆಗೆ ಕುಂಕುಮ ಹಚ್ಚಿ ನಿಂತೆ. ಸೆರಗು ಒಡ್ಡುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಡ್ಡಿದಳು. ಹಬ್ಬದ ದಿನ ಬೇಡ ಎನ್ನಬಾರದೆಂದು ಒಡ್ಡಿದಳೋ, ಬೇಕೆಂದೇ ಒಡ್ಡಿದಳೋ, ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಊಟಕ್ಕೆ ಕೂತು ರೊಟ್ಟಿ, ಕಾಳುಪಲ್ಯ ತಿಂದಳು. ಧೋತರವನ್ನು ಮಾವ ತಿರುಗಿ ಕೊಡಲು ಹೋದರೆ, ‘ಇರ್ಲಿರಿ, ನಿಮಗಂತನ ತಂದದ್ದು’ ಎಂದಳು. ರಾತ್ರಿ ಇದ್ದು ಹೋಗಿರೆಂದು ಮಾವ ಹೇಳಿದರೂ ನಿಲ್ಲಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ನಾನೇ ಬಿಡಲು ಹೋದೆ. ಆಕೆ ಬಸ್ಸು ಹತ್ತಿದಳು. ಕಿಟಕಿಯ ಬಳಿ ಕೂತು ಉಂಡಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಂಡಕ್ಟರ್ ಸೀಟಿ ಊದುವ ಮೊದಲು ನನ್ನನ್ನು ಹತ್ತಿರ ಕರೆದಳು.

‘ನನ್ನ ಹೆಣ್ಣಮಕ್ಕಳು ದಾರಿ ನೋಡ್ಕೋತ ಕುಂತಿರ್ತಾರ. ಅಜ್ಜಿ ಬಗ್ಗೆ ಕಾಕಾ ಮತ್ತೇನ ಹೇಳಿದ್ರು ಅಂತ ಕೇಳ್ತಾರ.’ ದನಿ ಇಳಿಸಿದಳು. ‘ಇನ್ನೂ ಏನರ ನೆನಪೈತೇನ್ರಿ, ಕಾಕಾ?’

ಹಂಗಿಸುತ್ತಿದ್ದಾಳೆಂದು ಮೊದಲು ಅನಿಸಿತು. ಮುಖ ನೋಡಿದೆ, ಹಂಗಿಸುತ್ತಿರಲಿಲ್ಲ. ನಾನು ಒಂದು ಹಾಡಿನ ಹೆಸರು ಹೇಳಿದ್ದರೂ ಸಾಕಿತ್ತು. ಫೋನಿನಲ್ಲಾಗಿದ್ದರೆ ಹತ್ತು ಹೇಳುತ್ತಿದ್ದೆ.

‘ಇಲ್ಲರಿ’ ಎಂದೆ.

ಮನೆಯಲ್ಲಿ ಎಲ್ಲ ಸುಳ್ಳೆಂದು ಒಪ್ಪಿಕೊಂಡಾಗ ಅಳದಿದ್ದ ಆಕೆ ಅದನ್ನು ಕೇಳಿ ಅತ್ತಳು.